ನೆತ್ತಿ ಮಟ್ಟಸದ ಬೆಟ್ಟ

ನಮ್ಮ ಹಾಸನ ಸೀಮೆಯವರಿಗೆ ಬೆಟ್ಟವೆಂದರೆ ಹೇಗಿರಬೇಕೆಂಬುದರಲ್ಲಿ ಸಂದೇಹವೇ ಇಲ್ಲ. ಬುಡ ಅಗಲವಾಗಿರಬೇಕು, ಮೇಲೆ ಹೋದಹಾಗೆ ಕಿರಿದಾಗಬೇಕು, ಕೊನೆಗೊಂದು ತಲೆಯಿರಬೇಕು. ತಲೆಯ ಮೇಲೆ ಒಂದು ಗುಡಿ. ಗುಡಿಯಿಲ್ಲದಿದ್ದರೆ ಪಾಳೆಯಗಾರರ ಕಾಲದ ಒಂದು ಮುರುಕು ಕೋಟೆ. ಅದೂ ಇಲ್ಲದಿದ್ದರೆ ದನ ಕಾಯುವ ಹುಡುಗರು ಸುಣ್ಣದಲ್ಲಿ ಹೆಸರು ಬರೆದ ಒಂದು ಗುಂಡುಕಲ್ಲು. ಮಗುವಿನ ಕೈಗೆ ಬಳಪ ಕೊಟ್ಟು ಬೆಟ್ಟ ಬರೆ ಎನ್ನಿ. ಎರಡು ತ್ರಿಕೋನ ಬರೆದು ನಡುವೆ ಸೂರ್ಯನನ್ನು ಇಡುತ್ತದೆ. ತಲೆಯೇ ಇಲ್ಲದ ಬೆಟ್ಟವೂ ಉಂಟು, ಅದರ ನೆತ್ತಿ ಮೇಜಿನ ಹಲಗೆಯ ಹಾಗೆ ಮಟ್ಟಸವಾಗಿರುತ್ತದೆ, ಅದರ ಮೇಲೆ ಏಳೆಂಟು ಹಳ್ಳಿಗಳನ್ನು ಹೊಲಗದ್ದೆ ಸಮೇತ ಕೂರಿಸಬಹುದು ಎಂದು ಯಾರಾದರೂ ಹೇಳಿದರೆ ನಮ್ಮ ಕಡೆಯವರು, 'ಹಾಗಾದರೆ ಅದು ಬೆಟ್ಟ ಹೇಗಾಯಿತು ಸ್ವಾಮಿ?' ಎಂದು ಕೇಳಿಯಾರು. ನಾನೂ ಹಾಗೆ ಕೇಳಿದವನೇ. ಕೇಳಿದ್ದು ನನ್ನ ದೊಡ್ಡಪ್ಪನವರನ್ನು. ಆಗ ನನಗೆ ಹತ್ತು ವರ್ಷ.

ದೊಡ್ಡಪ್ಪ ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟರು. ಮನೆ ಅರಕಲಗೂಡಿನಲ್ಲಿ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವುದು. ಮೂವತ್ತೈದು ವರ್ಷ ಇಡೀ ಪ್ರಪಂಚವನ್ನು ಪಾಠ ಹೇಳಿದ ಈ ಮನುಷ್ಯ ಕಣ್ಣಾರೆ ಕಂಡ ಪ್ರಪಂಚವೆಂದರೆ ಉತ್ತರಕ್ಕೆ ಅರಸೀಕೆರೆ ಜಂಕ್ಷನ್ನು, ದಕ್ಷಿಣಕ್ಕೆ ರಾಮನಾಥಪುರದ ಕಾವೇರಿ, ಪಶ್ಚಿಮಕ್ಕೆ ಧರ್ಮಸ್ಥಳ, ಪೂರ್ವಕ್ಕೆ ಬೆಂಗಳೂರಿನಲ್ಲಿ ನಡೆದ ಎರಡೋ ಮೂರೋ ಮದುವೆ. ಅದಕ್ಕಾಗಿ ಅವರಿಗೆ ಕೊರಗಿರಲಿಲ್ಲ. ನಡುಮನೆಯ ಗೋಡೆಯ ಮೇಲೆ ಬಟ್ಟೆಗೆ ಅಂಟಿಸಿದ ದೊಡ್ಡದೊಂದು ಭೂಪಟವಿತ್ತು. ಆಸ್ಟ್ರೇಲಿಯದ ಒಂದು ಮೂಲೆಯನ್ನು ಇಲಿ ತಿಂದಿತ್ತು. ಮಡಿಕೆ ಬಿದ್ದ ಕಡೆ ರಷ್ಯ ಹರಿದಿತ್ತು. ದಕ್ಷಿಣ ಅಮೆರಿಕದ ನೆತ್ತಿಯ ಹತ್ತಿರ ಮಾತ್ರ ಕೆಂಪು ಶಾಯಿಯಲ್ಲಿ ಒಂದು ಚುಕ್ಕೆ ಇಟ್ಟಿದ್ದರು. ತಾವು ಹುಟ್ಟಿದ ಊರಿಗೆ ಇಟ್ಟಿರಲಿಲ್ಲ, ಕಾಶಿಗೆ ಇಟ್ಟಿರಲಿಲ್ಲ. ಈ ಒಂದು ಜಾಗಕ್ಕೆ ಇಟ್ಟಿದ್ದರು.

ಆ ಚುಕ್ಕೆಯ ಹೆಸರು ರೊರೈಮಾ.

ವೆನೆಜುವೆಲ, ಬ್ರೆಜಿಲ್, ಗಯಾನ ಎಂಬ ಮೂರು ದೇಶಗಳು ಕೂಡುವ ಕಡೆ, ಸಮಭಾಜಕ ವೃತ್ತದಿಂದ ಐದೇ ಡಿಗ್ರಿ ಉತ್ತರಕ್ಕೆ, ಸುತ್ತಲೂ ಹುಲ್ಲುಗಾವಲು ಮತ್ತು ಕಾಡು ಹಬ್ಬಿರುವ ನಾಡಿನಲ್ಲಿ ಅದು ನಿಂತಿದೆ. ಎತ್ತರ 2,810 ಮೀಟರು. ನಮ್ಮ ಮುಳ್ಳಯ್ಯನಗಿರಿಗಿಂತ ಎಂಟುನೂರು ಮೀಟರಿಗೂ ಹೆಚ್ಚು. ಆದರೆ ಎತ್ತರ ಅದರ ಹೆಚ್ಚುಗಾರಿಕೆಯಲ್ಲ. ಬುಡದಿಂದ ಇಳಿಜಾರು ಏರಿ ಬಂದು, ಒಂದು ಮಟ್ಟಕ್ಕೆ ಮುಟ್ಟಿದ ಮೇಲೆ ಸುಮಾರು ನಾನೂರು ಮೀಟರು ನೆಟ್ಟಗೆ ಗೋಡೆ ಎದ್ದಹಾಗೆ ಬಂಡೆ ಎದ್ದಿದೆ. ಗೋಡೆಯ ಮೇಲೆ ಚಪ್ಪಟೆ. ಆ ಚಪ್ಪಟೆಯ ವಿಸ್ತೀರ್ಣ ಸುಮಾರು 31 ಚದರ ಕಿಲೋಮೀಟರು. ಮೂರು ದೇಶಗಳ ಗಡಿಗಲ್ಲನ್ನು ಆ ನೆತ್ತಿಯ ಮೇಲೆಯೇ ನೆಟ್ಟಿದ್ದಾರೆ. ಅಲ್ಲಿ ಬಿದ್ದ ಮಳೆ ಒಂದು ಕಡೆ ಅಮೆಜಾನಿಗೆ, ಒಂದು ಕಡೆ ಒರಿನೋಕೊಗೆ, ಇನ್ನೊಂದು ಕಡೆ ಎಸ್ಸೆಕ್ವಿಬೊಗೆ ಪಾಲಾಗುತ್ತದೆ. ಅಣ್ಣತಮ್ಮಂದಿರ ಪಾಲುಪಟ್ಟಿಯನ್ನು ಕಂಡವರಿಗೆ ಇಷ್ಟು ತಕರಾರಿಲ್ಲದ ಪಾಲು ಬೇರೆಲ್ಲೂ ಕಂಡಿರಲಾರದು.

'ಮೇಲೆ ಯಾವ ದೇವಸ್ಥಾನ ಇದೆ ದೊಡ್ಡಪ್ಪ?'

'ಇಲ್ಲ ಕಣೋ.'

'ಮೆಟ್ಟಿಲು?'

'ಅದೂ ಇಲ್ಲ.'

'ಮತ್ಯಾಕೆ ಹತ್ತುತಾರೆ?'

ದೊಡ್ಡಪ್ಪ ಬಹಳ ಹೊತ್ತು ನಕ್ಕರು. ಹತ್ತುವುದಕ್ಕೆ ಜನ ಒದ್ದಾಡಿದ್ದೇನೋ ನಿಜ. 1884ರ ಡಿಸೆಂಬರಿನಲ್ಲಿ ಎವರಾರ್ಡ್ ಇಮ್ ಥರ್ನ್ ಎಂಬ ಇಂಗ್ಲಿಷಿನವನು ಒಬ್ಬ ಜೊತೆಗಾರನೊಡನೆ, ಗೋಡೆಗೆ ಒರಗಿಸಿಟ್ಟ ಏಣಿಯಂತೆ ಒಂದು ಬದಿಯಲ್ಲಿ ಓರೆಯಾಗಿ ಏರಿಹೋಗುವ ದಾರಿಯೊಂದನ್ನು ಕಂಡುಹಿಡಿದು ಮೇಲೆ ಮುಟ್ಟಿದ. ಅಲ್ಲಿಯ ಮೂಲನಿವಾಸಿಗಳಾದ ಪೆಮೋನರು ಇಂಥ ಬೆಟ್ಟಗಳಿಗೆ 'ತೆಪುಯಿ' ಎನ್ನುತ್ತಾರೆ. ಇಂಥವು ಆ ನಾಡಿನಲ್ಲಿ ಒಂದಲ್ಲ, ಬಹಳ ಇವೆ. ದೊಡ್ಡಪ್ಪ ಹೇಳಿದ ಈ ಶಬ್ದ ನನ್ನ ಕಿವಿಗೆ 'ತೆಪ್ಪ' ಎಂದು ಕೇಳಿಸಿತು. ಮೋಡದ ಮೇಲೆ ತೇಲುವ ಕಲ್ಲಿನ ತೆಪ್ಪಗಳು! ಎಷ್ಟೋ ವರ್ಷ ನಾನು ಹಾಗೆಂದೇ ನಂಬಿದ್ದೆ. ಹೊಳೆನರಸೀಪುರದ ಹೊಳೆಯಲ್ಲಿ ತೆಪ್ಪ ಕಂಡಾಗಲೆಲ್ಲ ಅದು ಸ್ವಲ್ಪ ದೊಡ್ಡದಾಗಿ ಕಾಣುತ್ತಿತ್ತು. ಮಂಜು ಕವಿದ ಬೆಳಗ್ಗೆ ಆ ಬೆಟ್ಟಗಳ ಬುಡವೆಲ್ಲ ಮುಚ್ಚಿ ನೆತ್ತಿ ಮಾತ್ರ ಕಾಣುವ ಚಿತ್ರಗಳನ್ನು ಈಚೆಗೆ ನೋಡಿದ ಮೇಲೆ, ಹತ್ತು ವರ್ಷದ ಹುಡುಗನ ನಿಘಂಟು ಅಷ್ಟೇನೂ ತಪ್ಪಿರಲಿಲ್ಲ ಎನ್ನಿಸಿತು.

ಆದರೆ ನನ್ನ ಪ್ರಶ್ನೆ ಹಾಗೆಯೇ ಉಳಿದಿತ್ತು. ಚಪ್ಪಟೆ ಜಾಗ ಅಷ್ಟು ಮೇಲಕ್ಕೆ ಹೋದದ್ದು ಹೇಗೆ? ಯಾರು ಎತ್ತಿದರು?

ಅದಕ್ಕೆ ಉತ್ತರ ಬಂದದ್ದು ಒಂದು ದೀಪಾವಳಿಯ ಮಧ್ಯಾಹ್ನ. ದೊಡ್ಡಮ್ಮ ತಟ್ಟೆಯ ತುಂಬ ಮೈಸೂರು ಪಾಕು ಹಾಕಿ ಗೆರೆ ಕೊಯ್ದಿಟ್ಟಿದ್ದರು. ಮನೆಯ ತುಂಬ ಮಕ್ಕಳು. ತಟ್ಟೆ ಅರ್ಧ ಗಂಟೆಯಲ್ಲಿ ಬರಿದಾಯಿತು. ನಡುವೆ ಒಂದೇ ಒಂದು ತುಂಡು ಉಳಿದಿತ್ತು. ಅದಕ್ಕೆ ಕೈ ಹಾಕಿದವನನ್ನು ದೊಡ್ಡಪ್ಪ ತಡೆದರು. 'ಇರು. ಇದನ್ನು ನೋಡು. ನೆತ್ತಿ ಹೇಗಿದೆ?' ಚಪ್ಪಟೆ ಎಂದೆ. 'ಪಕ್ಕ?' ಗೋಡೆ ಹಾಗೆ ನೆಟ್ಟಗಿದೆ ಎಂದೆ. 'ಈ ತುಂಡು ತಟ್ಟೆಯಿಂದ ಮೇಲಕ್ಕೆ ಎದ್ದು ಬಂತೇನೋ?' ನಾನು ಸುಮ್ಮನಿದ್ದೆ. 'ಇದು ಎಲ್ಲಿತ್ತೋ ಅಲ್ಲೇ ಇದೆ. ಮೊದಲು ತಟ್ಟೆಯೆಲ್ಲ ಇಷ್ಟೇ ಎತ್ತರ ಇತ್ತು. ಸುತ್ತಲಿನದು ಹೋಯಿತು. ಇದು ಬೆಟ್ಟವಾಯಿತು. ರೊರೈಮಾ ಅಂದರೆ ಇಷ್ಟೇ ಕಣೋ.'

ಇಷ್ಟೇ ಎಂದರೆ ಇಷ್ಟೇ ಅಲ್ಲವೆಂಬುದು ನನಗೆ ತಿಳಿದದ್ದು ತಡವಾಗಿ. ಸುಮಾರು 180 ಕೋಟಿ ವರ್ಷಗಳ ಹಿಂದೆ ಆ ಭಾಗದಲ್ಲೆಲ್ಲ ಹೊಳೆಗಳೂ ಆಳವಿಲ್ಲದ ನೀರೂ ಮರಳನ್ನು ತಂದು ತಂದು ಹಾಸಿದವು. ಹಾಸಿಗೆಯ ಮೇಲೆ ಹಾಸಿಗೆ, ಕಂಬಳಿಯ ಮೇಲೆ ಕಂಬಳಿ. ಮೇಲಿನ ಭಾರಕ್ಕೆ ಕೆಳಗಿನದು ಒತ್ತಿ, ಬೆಸೆದು, ಕಬ್ಬಿಣದಷ್ಟು ಗಟ್ಟಿಯಾದ ಮರಳುಗಲ್ಲಾಯಿತು. ಆಮೇಲೆ ನೆಲವೆಲ್ಲ ಒಟ್ಟಾಗಿ ಮೇಲೆದ್ದು ಒಂದು ಮಹಾ ಪ್ರಸ್ಥಭೂಮಿಯಾದಾಗ, ಮಳೆಯೂ ಹೊಳೆಗಳೂ ಅದರ ಬಿರುಕುಗಳಲ್ಲಿ ಇಳಿದು ಕೊರೆಯಲು ತೊಡಗಿದವು. ಬಿರುಕುಗಳು ನೆಟ್ಟಗೆ ಇದ್ದುದರಿಂದ ಅಂಚಿನ ಬಂಡೆಗಳು ನೆಟ್ಟಗೇ ಕಳಚಿ ಬಿದ್ದವು. ಗೋಡೆ ಹಿಂದಕ್ಕೆ ಸರಿದರೂ ಗೋಡೆಯಾಗಿಯೇ ಉಳಿಯಿತು. ಸಾವಿರಾರು ಮೈಲಿಯ ಆ ಹಾಸುಗಲ್ಲೆಲ್ಲ ಹೀಗೆ ಸವೆದು ಸಮುದ್ರ ಸೇರಿ, ಅಲ್ಲೊಂದು ಇಲ್ಲೊಂದು ತುಂಡು ನಿಂತಿತು. ತಟ್ಟೆಯಲ್ಲಿ ಉಳಿದ ಮೈಸೂರು ಪಾಕು. ಅಂದಹಾಗೆ ಅಂದಿನ ತುಂಡನ್ನು ದೊಡ್ಡಪ್ಪ ಯಾರಿಗೂ ಕೊಡದೆ ಸಂಜೆಯವರೆಗೂ ಪ್ರದರ್ಶನಕ್ಕೆ ಇಟ್ಟರು; ಇರುವೆ ಮುತ್ತಿ ಅದೂ ಹೋಯಿತು. ಸವೆತದ ಪಾಠ ಅಲ್ಲಿಗೆ ಪೂರ್ತಿಯಾಯಿತು.

ಇಂಥ ಬೆಟ್ಟವನ್ನು ನನಗೂ ತೋರಿಸಬೇಕೆಂದು ಹಟ ಹಿಡಿದೆ. ದೊಡ್ಡಪ್ಪ ನನ್ನನ್ನು ಚನ್ನರಾಯಪಟ್ಟಣದ ಬಸ್ಸಿಗೆ ಹತ್ತಿಸಿ ಶ್ರವಣಬೆಳಗೊಳಕ್ಕೆ ಕರೆದುಕೊಂಡು ಹೋದರು. ವೈಶಾಖದ ಬಿಸಿಲು, ಬರಿಗಾಲು, ಬಂಡೆಯಲ್ಲಿ ಕಡಿದ ಮೆಟ್ಟಿಲು. ದೊಡ್ಡಬೆಟ್ಟ ಹತ್ತಿ ಮುಗಿಸುವಷ್ಟರಲ್ಲಿ ನನಗೆ ರೊರೈಮಾವೂ ಬೇಡ, ಗೊಮ್ಮಟನೂ ಬೇಡ ಎನ್ನುವ ಹಾಗಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಬೆಟ್ಟ ಮೋಸ ಮಾಡಿತ್ತು. ಅದು ಬೋರಲು ಹಾಕಿದ ಬಾಣಲೆಯಂತೆ ಗುಂಡಗಿತ್ತು. 'ಇದು ಮೇಜಲ್ಲ' ಎಂದು ಅಳುಮುಖ ಮಾಡಿದೆ. 'ಅಲ್ಲ ಅಂತ ತಿಳಿಯಲಿ ಅಂತಲೇ ಕರಕೊಂಡು ಬಂದೆ' ಎಂದರು ಅವರು. ನಮ್ಮ ಕಡೆಯ ಕಲ್ಲು ಹಾಸಿಗೆ ಹಾಸಿದ್ದಲ್ಲ, ಭೂಮಿಯ ಹೊಟ್ಟೆಯಲ್ಲಿ ಕುದಿದು ಆರಿದ್ದು. ಮೇಲಿನ ಭಾರ ಇಳಿದಾಗ ಈರುಳ್ಳಿಯ ಹಾಗೆ ಸಿಪ್ಪೆ ಸಿಪ್ಪೆಯಾಗಿ ಬಿಡುತ್ತದೆ. ಅದಕ್ಕೇ ದುಂಡಗೆ ಎಂದು ವಿವರಿಸಿದರು. ಕಾಲ ಕೆಳಗೆ ಒಂದು ಕಡೆ ಸಿಪ್ಪೆ ಎದ್ದಿದ್ದ ಬಂಡೆಯನ್ನು ಬೆರಳಿನಿಂದ ತಟ್ಟಿ ಟೊಳ್ಳು ಸದ್ದು ಕೇಳಿಸಿದರು. ಆಮೇಲೆ ತಲೆಯೆತ್ತಿ ಗೊಮ್ಮಟನನ್ನು ನೋಡುತ್ತ, 'ಇವನನ್ನು ಬೇರೆ ಕಡೆಯಿಂದ ತಂದು ನಿಲ್ಲಿಸಿದರು ಅಂದುಕೊಂಡೆಯೇನೋ? ಬೆಟ್ಟದ ತಲೆ ಇದ್ದದ್ದೇ ಇಲ್ಲಿ. ಸುತ್ತಲಿನ ಕಲ್ಲು ತೆಗೆದರು, ಇವನು ಉಳಿದ' ಎಂದರು. ಅಲ್ಲಿದ್ದ ಯಾತ್ರಿಕರೊಬ್ಬರು ಇದೇನೋ ಸಿದ್ಧಾಂತವೆಂದು ತಿಳಿದು ಕೈಮುಗಿದರು. 981ರಿಂದ ಗಾಳಿಮಳೆಗೆ ನಿಂತಿರುವ ಆ 58 ಅಡಿಯ ಮೂರ್ತಿಯನ್ನು ಭೂಗೋಳದ ಉದಾಹರಣೆಯಾಗಿ ನೋಡಿದವರು ಬೇರೆ ಯಾರಾದರೂ ಇದ್ದರೋ ಇಲ್ಲವೋ. ಮುಂದೆ ನಾನು ಚನ್ನರಾಯಪಟ್ಟಣದಲ್ಲಿ ಮೂರು ವರ್ಷ ಕೆಲಸ ಮಾಡಿದೆ. ವಿದ್ಯಾರ್ಥಿಗಳನ್ನು ಆ ಬೆಟ್ಟಕ್ಕೆ ಕರೆದೊಯ್ದಾಗಲೆಲ್ಲ ಶಾಸನಗಳ ಜೊತೆಗೆ ಈರುಳ್ಳಿಯ ಮಾತನ್ನೂ ಹೇಳಿ ಬಂದಿದ್ದೇನೆ.

ಕಾಲೇಜಿಗೆ ಬಂದ ಮೇಲೆ ಗ್ರಂಥಾಲಯದಲ್ಲಿ ಆರ್ಥರ್ ಕಾನನ್ ಡಾಯ್ಲ್ 1912ರಲ್ಲಿ ಪ್ರಕಟಿಸಿದ 'ದಿ ಲಾಸ್ಟ್ ವರ್ಲ್ಡ್' ಸಿಕ್ಕಿತು. ಇಂಥದೇ ಬೆಟ್ಟದ ಮೇಲೆ ಪುರಾತನ ಕಾಲದ ದೈತ್ಯಪ್ರಾಣಿಗಳು ಇನ್ನೂ ಬದುಕಿವೆ ಎಂಬ ಕಲ್ಪನೆ ಅದು. ರೊರೈಮಾ ಹತ್ತಿದವರ ವರದಿಗಳೇ ಅದಕ್ಕೆ ಪ್ರೇರಣೆ ಎನ್ನುತ್ತಾರೆ. ಓಡಿಹೋಗಿ ದೊಡ್ಡಪ್ಪನಿಗೆ ಕೊಟ್ಟೆ. ಎರಡೇ ದಿನದಲ್ಲಿ ಓದಿ ಹಿಂದಕ್ಕೆ ಕೊಟ್ಟರು. 'ಕಥೆ ಚೆನ್ನಾಗಿದೆ. ಆದರೆ ಆನೆಗಿಂತ ದೊಡ್ಡ ಪ್ರಾಣಿ ಅಲ್ಲಿ ತಿನ್ನುವುದೇನನ್ನು? ಮಣ್ಣೇ ಇಲ್ಲವಲ್ಲ' ಎಂದರು. ಅವರ ಮಾತು ಸರಿ. ನಿತ್ಯ ಎಂಬಷ್ಟು ಮಳೆ ಹೊಡೆಯುವ ಆ ನೆತ್ತಿಯಲ್ಲಿ ಮಣ್ಣು ನಿಲ್ಲುವುದಿಲ್ಲ. ಪಾಚಿ ಹಿಡಿದು ಕಪ್ಪಾದ ಬಂಡೆ, ಬಂಡೆಯ ಗುಳಿಗಳಲ್ಲಿ ನೀರು. ಉಷ್ಣವಲಯವೆಂದು ಪುಸ್ತಕ ಹೇಳಿದರೂ ರಾತ್ರಿ ನಮ್ಮ ಮಾಘದ ಚಳಿ. ಸಾರವಿಲ್ಲದ ಅಲ್ಲಿ ಗಿಡಗಳು ಹೊಟ್ಟೆ ಹೊರೆಯಲು ಹುಳು ಹಿಡಿಯುವುದನ್ನು ಕಲಿತಿವೆ: ಎಲೆಯನ್ನು ಹೂಜಿಯಾಗಿ ಸುತ್ತಿ ನೀರು ತುಂಬಿಕೊಂಡು ಕಾದಿರುವ ಗಿಡ ಒಂದು, ಎಲೆಯ ಮೇಲೆ ಅಂಟು ಹನಿಗಳನ್ನು ಇಬ್ಬನಿಯಂತೆ ಇಟ್ಟುಕೊಂಡಿರುವುದು ಇನ್ನೊಂದು. ಇವುಗಳಲ್ಲಿ ಎಷ್ಟೋ ಜಾತಿಗಳು ಆ ನೆತ್ತಿಗಳನ್ನು ಬಿಟ್ಟು ಜಗತ್ತಿನ ಬೇರೆ ಯಾವ ಕಡೆಯೂ ಇಲ್ಲ. ಸಮುದ್ರದ ನಡುವಿನ ದ್ವೀಪದಲ್ಲಿ ಆದಹಾಗೆಯೇ ಇಲ್ಲಿಯೂ ಆಗಿದೆ. ಇಲ್ಲಿ ಸಮುದ್ರದ ಬದಲು ಗಾಳಿ. ದೈತ್ಯಪ್ರಾಣಿಯ ಬದಲಿಗೆ ಅಲ್ಲಿರುವುದು ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಒಂದು ಕರೀ ಕಪ್ಪೆ. ಅದಕ್ಕೆ ಕುಪ್ಪಳಿಸಲು ಬಾರದು. ತೆವಳಿಕೊಂಡು ನಡೆಯುತ್ತದೆ. 'ಕುಪ್ಪಳಿಸಿ ಹೋಗುವುದಾದರೂ ಎಲ್ಲಿಗೆ?' ಎಂಬುದು ದೊಡ್ಡಪ್ಪನ ಟೀಕೆ.

ಅವರಿಗೆ ಬಹಳ ಪ್ರಿಯವಾದ ಇನ್ನೊಂದು ಕಥೆ ವಿಮಾನದ್ದು. ಅದು ರೊರೈಮಾ ಅಲ್ಲ, ಅದರ ನೆಂಟ ಔಯಾನ್ ತೆಪುಯಿ. ಜಿಮ್ಮಿ ಏಂಜಲ್ ಎಂಬ ವೈಮಾನಿಕ 1937ರಲ್ಲಿ ಚಿನ್ನದ ಆಸೆಗೆ ಆ ನೆತ್ತಿಯ ಮೇಲೆ ವಿಮಾನ ಇಳಿಸಿದ. ಮೇಲಿನಿಂದ ಮಟ್ಟಸವಾಗಿ ಕಂಡದ್ದು ಕೆಸರು, ಚಕ್ರ ಹೂತಿತು. ಹೆಂಡತಿಯೂ ಇನ್ನಿಬ್ಬರೂ ಜೊತೆಗಿದ್ದರು. ನಾಲ್ವರೂ 11 ದಿನ ನಡೆದು ಕೆಳಗಿಳಿದರು. ವಿಮಾನ 1970ರವರೆಗೆ, ಹೆಲಿಕಾಪ್ಟರಿನಲ್ಲಿ ಇಳಿಸುವ ತನಕ, ಅಲ್ಲೇ ನಿಂತಿತ್ತು. ಆ ಬೆಟ್ಟದ ಅಂಚಿನಿಂದ ಬೀಳುವ ಅಬ್ಬಿಗೆ ಅವನದೇ ಹೆಸರು. 979 ಮೀಟರು, ನಮ್ಮ ಜೋಗದ ನಾಲ್ಕರಷ್ಟಕ್ಕೆ ತುಸು ಕಡಿಮೆ. 'ಅವನು ಬಂದ, ಹೋದ. ವಿಮಾನ ಮೂವತ್ತಮೂರು ವರ್ಷ ಕಾದಿತು ನೋಡು' ಎಂದು ದೊಡ್ಡಪ್ಪ ವಿಮಾನದ ಪರವಾಗಿಯೇ ಮಾತಾಡುತ್ತಿದ್ದರು.

ಇಷ್ಟೆಲ್ಲ ಹೇಳುತ್ತಿದ್ದವರು ತಾವು ಹುಟ್ಟಿದ ಊರಿನ ವಿಷಯವನ್ನು ಹೇಳುತ್ತಿರಲಿಲ್ಲ. ಗೊರೂರಿಗೆ ಮೇಲೆ, ಹೇಮಾವತಿಯ ದಡದಲ್ಲಿ, ಐವತ್ತು ಅರವತ್ತು ಮನೆಯ ಊರು. ಗೊರೂರಿನ ಅಣೆಕಟ್ಟು ಮುಗಿದದ್ದು 1979ರಲ್ಲಿ. ನಾನು ಹುಟ್ಟುವುದಕ್ಕೆ ಸ್ವಲ್ಪ ಮೊದಲು. ಮನೆ, ಹಿತ್ತಲು, ಎರಡು ಬೆಳೆ ಬೆಳೆಯುತ್ತಿದ್ದ ಗದ್ದೆ, ಹುಣಿಸೆಯ ಮರಗಳು ಎಲ್ಲ ನೀರಿಗೆ ಹೋದವು. ಆ ನೀರಿನಿಂದ ಕೆಳಗಿನವರ ಹೊಲ ಹಸುರಾಯಿತೆಂಬುದನ್ನು ದೊಡ್ಡಪ್ಪ ಎಂದೂ ಅಲ್ಲಗಳೆಯಲಿಲ್ಲ. ಭೂಗೋಳದ ಮೇಷ್ಟರಲ್ಲವೇ, ಕಾಲುವೆಗಳ ನಕ್ಷೆಯನ್ನು ತಾವೇ ಕಪ್ಪು ಹಲಗೆಯ ಮೇಲೆ ಬರೆದು ಎಕರೆ ಲೆಕ್ಕ ಹೇಳಿಸುತ್ತಿದ್ದರು. ನಮ್ಮಪ್ಪ ಹಾಸನಕ್ಕೆ ಬಂದರು. ಒಬ್ಬ ಅತ್ತೆ ಶಿವಮೊಗ್ಗೆಗೆ, ಇನ್ನೊಬ್ಬರು ಮೈಸೂರಿಗೆ. ದೊಡ್ಡಪ್ಪ ಅರಕಲಗೂಡಿನಲ್ಲಿ ಒಂದು ಚಿಕ್ಕ ಮನೆ ಕೊಂಡರು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಎಲ್ಲರಿಗೂ ಗೊತ್ತಿದ್ದುದರಿಂದಲೇ ಯಾರೂ ಆಡದ ಸಂಗತಿ.

ನನಗೆ ಅದು ತಟ್ಟಿದ್ದು ಒಂದು ಸಾಯಂಕಾಲ. ರೊರೈಮಾದ ಬಗ್ಗೆ ಪೆಮೋನರು ಹೇಳುವ ಐತಿಹ್ಯವೊಂದನ್ನು ಆಗತಾನೇ ಓದಿದ್ದೆ. ದೊಡ್ಡಪ್ಪನಿಗೆ ಗೊತ್ತಿಲ್ಲದ್ದನ್ನು ನಾನು ಹೇಳಬಹುದಾದ ಅಪರೂಪದ ಸಂದರ್ಭ, ಉತ್ಸಾಹದಿಂದ ಹೇಳಿದೆ. ಲೋಕದ ಹಣ್ಣುಗಳೂ ಗೆಡ್ಡೆಗೆಣಸುಗಳೂ ಒಂದೇ ಮಹಾವೃಕ್ಷದಲ್ಲಿ ಬಿಡುತ್ತಿದ್ದವಂತೆ. ಮಕುನೈಮ ಎಂಬ ಕಿತಾಪತಿಯ ಪುರಾಣಪುರುಷ ಅದನ್ನು ಕಡಿದು ಉರುಳಿಸಿದನಂತೆ. ಮರ ಬಿದ್ದೊಡನೆ ಭಯಂಕರವಾದ ಪ್ರವಾಹ ಬಂತು. ಆ ಮರದ ಮೋಟೇ ರೊರೈಮಾ.

ದೊಡ್ಡಪ್ಪ ಸ್ವಲ್ಪ ಹೊತ್ತು ಭೂಪಟವನ್ನೇ ನೋಡುತ್ತಿದ್ದರು. ಆಮೇಲೆ, 'ನೀರು ಎಲ್ಲಿವರೆಗೆ ಬಂತಂತೆ?' ಎಂದು ಕೇಳಿದರು.

ಪುಸ್ತಕದಲ್ಲಿ ಅದು ಇರಲಿಲ್ಲ. ನಾನು ಏನೋ ಹೇಳಿ ಮಾತು ತೇಲಿಸಿದೆ. ರಾತ್ರಿ ಮಲಗಿದಾಗ ಮೈಸೂರು ಪಾಕಿನ ತಟ್ಟೆ ನೆನಪಿಗೆ ಬಂತು. ಸುತ್ತಲಿನದು ಹೋಯಿತು, ಇದು ಉಳಿಯಿತು ಎಂದು ಅಂದು ಅವರು ಹೇಳಿದ ದನಿಯೂ ನೆನಪಿಗೆ ಬಂತು. ಅಲ್ಲಿಯವರೆಗೆ ಅದನ್ನು ಪಾಠದ ದನಿ ಎಂದುಕೊಂಡಿದ್ದೆ.

2019ರ ಡಿಸೆಂಬರಿನಲ್ಲಿ ನಮ್ಮ ಕಾಲೇಜಿನ ವಿದ್ಯಾರ್ಥಿಗಳನ್ನು ಬಾದಾಮಿಗೆ ಕರೆದೊಯ್ಯುವ ಪಾಳಿ ನನ್ನದಾಯಿತು. ಕನ್ನಡದ ಉಪನ್ಯಾಸಕನಿಗೆ ಬಾದಾಮಿ ಎಂದರೆ ಕಪ್ಪೆ ಅರಭಟ್ಟನ ಶಾಸನ. ತ್ರಿಪದಿಯ ಬಹು ಹಳೆಯ ರೂಪವನ್ನು ಬಂಡೆಯ ಮೇಲೆ ಕಾಣಬಹುದಾದ ಜಾಗ. ರಾತ್ರಿಯೆಲ್ಲ ಬಸ್ಸಿನಲ್ಲಿ ಕುಲುಕಾಡಿ, ಬೆಳಗಿನ ಜಾವ ಕಣ್ಣು ಬಿಟ್ಟಾಗ ಕಿಟಕಿಯ ಹೊರಗೆ ಕಂಡದ್ದು ಶಾಸನವಲ್ಲ. ಬಯಲಿನಾಚೆ ಉದ್ದಕ್ಕೂ ಅಳತೆಗೋಲಿಟ್ಟು ಗೆರೆ ಎಳೆದ ಹಾಗೆ ಒಂದು ಬೆಟ್ಟ, ತಲೆಯಿಲ್ಲ. ಗೆರೆ ಮುಗಿದಲ್ಲಿ ನೆಟ್ಟಗೆ ಕೆಳಗೆ. ಸ್ವಲ್ಪ ದೂರದಲ್ಲಿ ಅದೇ ಎತ್ತರಕ್ಕೆ ಇನ್ನೊಂದು ಗೆರೆ. ಎರಡರ ನಡುವಿನದನ್ನು ಯಾರೋ ತಿಂದಹಾಗಿತ್ತು.

ನಲವತ್ತು ವರ್ಷ ವಯಸ್ಸಾದ ಉಪನ್ಯಾಸಕ ವಿದ್ಯಾರ್ಥಿಗಳೆದುರು 'ಅಯ್ಯೋ!' ಎಂದು ಕೂಗಬಾರದು. ಕೂಗಿದೆ. ಮಲಗಿದ್ದವರೆಲ್ಲ ಎದ್ದು ಅಪಘಾತವೇನೋ ಎಂದು ಗಾಬರಿಯಾದರು.

ಬಾದಾಮಿಯ ಕೆಂಪು ಬೆಟ್ಟಗಳೂ ಹಾಸಿಗೆ ಹಾಸಿದ ಮರಳುಗಲ್ಲೇ. ಹೊತ್ತೇರಿದ ಮೇಲೆ ಅಗಸ್ತ್ಯತೀರ್ಥದ ಪಕ್ಕದಲ್ಲಿ ನಿಂತು ಆ ಗೋಡೆಗಳನ್ನು ನೋಡಿದರೆ ಪದರುಗಳು ಒಂದರ ಮೇಲೊಂದು ಎಣಿಸಬಹುದಾದಷ್ಟು ಸ್ಪಷ್ಟ. ಮೇಲಿನಿಂದ ಕೆಳಕ್ಕೆ ನೆಟ್ಟಗೆ ಹೋಗಿರುವ ಬಿರುಕುಗಳು. ಇಂಥ ಕಲ್ಲಾದ್ದರಿಂದಲೇ ಚಾಲುಕ್ಯರ ಕುಶಲಿಗಳಿಗೆ ಗುಹೆ ಕೊರೆಯುವುದು ಸಾಧ್ಯವಾಯಿತು: ಚಾವಣಿ ಬೇಕಾದ ಕಡೆ ಪದರು, ಗೋಡೆ ಬೇಕಾದ ಕಡೆ ದಿಣ್ಣೆ. ಮಂಗಳೇಶನ ಮೂರನೆಯ ಗುಹೆಯ ಶಾಸನ ಶಕ 500, ಎಂದರೆ 578ರದು. ಅದಕ್ಕೂ ಮೊದಲೇ, 543ರಲ್ಲಿ, ಒಂದನೆಯ ಪುಲಕೇಶಿ ಈ ಬೆಟ್ಟವನ್ನು ಕೋಟೆಯಾಗಿ ಮಾಡಿಕೊಂಡದ್ದನ್ನು ಬಂಡೆಯ ಮೇಲೆ ಬರೆಸಿದ್ದಾನೆ. ನಿಸರ್ಗ ಕಟ್ಟಿಕೊಟ್ಟ ಗೋಡೆಯಿರುವಾಗ ಕೋಟೆಯ ಖರ್ಚಿನಲ್ಲಿ ಅವನಿಗೆ ಅರ್ಧ ಉಳಿತಾಯವಾಗಿರಬೇಕು. ಬಡಗಣ ಬೆಟ್ಟದಲ್ಲಿ ಬಿರುಕೊಂದು ಅಗಲವಾಗಿ ಓಣಿಯಾಗಿದೆ. ಎರಡು ಕಡೆಯೂ ಆಕಾಶಕ್ಕೆ ಮುಟ್ಟುವ ಕೆಂಪು ಗೋಡೆ, ನಡುವೆ ಮೆಟ್ಟಿಲು. ವಿದ್ಯಾರ್ಥಿಗಳು ಮುಂದೆ ಓಡಿದರು. ನಾನು ಬಿರುಕಿನ ಒಳಗೆ ನಿಂತು ದೊಡ್ಡಪ್ಪನಿಗೆ ಫೋನು ಮಾಡಿದೆ.

'ದೊಡ್ಡಪ್ಪ, ಮೇಜು ಸಿಕ್ಕಿತು.'

ಅವರಿಗೆ ಆಗಲೇ ಎಪ್ಪತ್ತಾರು. ಕಿವಿ ಮಂದ. ಎರಡು ಸಲ ಹೇಳಿದ ಮೇಲೆ ಅರ್ಥವಾಯಿತು. ಸಂತೋಷಪಟ್ಟುಕೊಳ್ಳಲಿಲ್ಲ, ಮೇಷ್ಟರ ಹಾಗೆ ಪ್ರಶ್ನೆ ಕೇಳಿದರು. 'ಗೋಡೆಯ ಬುಡದಲ್ಲಿ ಬಿದ್ದ ಬಂಡೆಗಳು ಇದಾವೆಯೋ?'

ನೋಡಿದೆ. ಕೆರೆಯ ಅಂಚಿನವರೆಗೂ, ಮನೆಯಷ್ಟು ದೊಡ್ಡ ಬಂಡೆಗಳು, ಬಿದ್ದ ಭಂಗಿಯಲ್ಲೇ ಒರಗಿ ನಿಂತಿದ್ದವು. ಒಂದರ ಪದರುಗಳು ಅಡ್ಡಕ್ಕಿರದೆ ನೆಟ್ಟಗಿದ್ದವು, ಬೀಳುವಾಗ ಮಗುಚಿಕೊಂಡಿತ್ತು.

'ಇದಾವೆ.'

'ಹಾಗಾದರೆ ಇನ್ನೂ ಬೀಳುತ್ತಾ ಇದೆ' ಎಂದರು. 'ಮೇಲೆ ಹೋದರೆ ನೀರು ನಿಂತಿದೆಯೋ ನೋಡಿ ಹೇಳು.'

ಮೇಲಿನ ಶಿವಾಲಯದ ಹತ್ತಿರ ನಿಂತು ನೋಡಿದೆ. ಬಂಡೆಯ ಹಾಸು, ಕುರುಚಲು ಗಿಡ, ದೂರದವರೆಗೆ ಅದೇ ಮಟ್ಟ. ಡಿಸೆಂಬರಿನಲ್ಲಿ ನೀರೆಲ್ಲಿ ಬರಬೇಕು? ಮಳೆಗಾಲದಲ್ಲಿ ಈ ನೆತ್ತಿಯ ನೀರೆಲ್ಲ ಭೂತನಾಥ ಗುಡಿಯ ಬಳಿ ಎರಡು ಧಾರೆಯಾಗಿ ಕೆರೆಗೆ ಬೀಳುತ್ತದೆ, ಅದಕ್ಕೆ ಅಕ್ಕತಂಗಿ ಎನ್ನುತ್ತಾರೆ ಎಂದು ಅಲ್ಲಿ ಸೌತೆಕಾಯಿ ಮಾರುತ್ತಿದ್ದ ಹುಡುಗ ಹೇಳಿದ. ಅದನ್ನೇ ದೊಡ್ಡಪ್ಪನಿಗೆ ಹೇಳಿದೆ. 'ಕೆಳಗಿನ ಊರಿಗೆ ಏನೂ ಆಗುವುದಿಲ್ಲವಂತಾ?' ಎಂದು ಕೇಳಿದರು. ಕೆರೆಯಿದೆ, ಹಿಡಿದುಕೊಳ್ಳುತ್ತದೆ ಎಂದೆ. 'ಸರಿ' ಎಂದು ಫೋನು ಇಟ್ಟರು. ಆ ದಿನ ಕಪ್ಪೆ ಅರಭಟ್ಟನ ಶಾಸನದ ಮುಂದೆ ನಾನು ಮಾಡಿದ ಪಾಠ ಅಷ್ಟೇನೂ ಚೆನ್ನಾಗಿರಲಿಲ್ಲವೆಂದು ವಿದ್ಯಾರ್ಥಿಗಳ ಮುಖವೇ ಹೇಳುತ್ತಿತ್ತು.

ಹಾಸನಕ್ಕೆ ಹಿಂದಿರುಗಿದ ಮೇಲೆ ಈ ವಿಷಯವಾಗಿ ಒಂದಿಷ್ಟು ಓದಿದೆ. ಅದರಲ್ಲಿ ಒಂದು ಸಂಗತಿಯನ್ನು ಇಲ್ಲಿ ಹೇಳದಿರಲಾರೆ. ಭೂವಿಜ್ಞಾನಿಗಳು 'ಗೊರೂರು ನೈಸ್' ಎಂದು ಕರೆಯುವ ಒಂದು ಶಿಲೆಯಿದೆ. ಹೆಸರೇ ಹೇಳುವಂತೆ ನಮ್ಮ ಗೊರೂರಿನದು. ಅದರ ವಯಸ್ಸು 330 ಕೋಟಿ ವರ್ಷ. ಬಾದಾಮಿಯ ಮರಳುಗಲ್ಲು ಅದರ ಮುಂದೆ ನಿನ್ನೆಯ ಕೂಸು. ರೊರೈಮಾವೂ ಮೊಮ್ಮಗನ ವಯಸ್ಸಿನದು. ದೊಡ್ಡಪ್ಪ ಯಾವ ನೆಲವನ್ನು ಬಿಟ್ಟು ಬಂದು ಭೂಪಟದಲ್ಲಿ ಏಳು ಸಮುದ್ರದಾಚೆಗೆ ಚುಕ್ಕೆ ಇಟ್ಟರೋ ಆ ನೆಲ ಭೂಮಿಯ ಮೇಲೆ ಉಳಿದಿರುವ ಅತಿ ಹಳೆಯ ನೆಲಗಳಲ್ಲಿ ಒಂದು. ಇದನ್ನು ಹೇಳಿದಾಗ ಅವರು, 'ಗದ್ದೆ ಉಳುವಾಗ ನೇಗಿಲಿಗೆ ಸಿಕ್ಕುತ್ತಿದ್ದ ಕಲ್ಲೇ ತಾನೆ? ಹಳೆಯದು ಅಂತ ಆಗಲೇ ಗೊತ್ತಿತ್ತು' ಎಂದರು.

ದೊಡ್ಡಮ್ಮ ತೀರಿಕೊಂಡು ಮೂರು ವರ್ಷವಾಯಿತು. ಅರಕಲಗೂಡಿನ ಮನೆಯಲ್ಲಿ ದೊಡ್ಡಪ್ಪ ಒಬ್ಬರೇ. ಬೀದಿಯ ಹಳಬರು ಒಬ್ಬೊಬ್ಬರಾಗಿ ಮಕ್ಕಳ ಊರಿಗೆ ಹೋದರು, ಕೆಲವರು ಇನ್ನೂ ದೂರ ಹೋದರು. ಅಣ್ಣ ಬೆಂಗಳೂರಿನಲ್ಲಿದ್ದಾನೆ, ಹನ್ನೊಂದನೆಯ ಅಂತಸ್ತಿನ ಮನೆ. ಅಪ್ಪನನ್ನು ಕರೆಯುತ್ತಲೇ ಇದ್ದ, ಅವರು ಒಪ್ಪುತ್ತಿರಲಿಲ್ಲ. ಚಳಿಗಾಲದಲ್ಲಿ ಬಚ್ಚಲಲ್ಲಿ ಬಿದ್ದು ಇಡೀ ರಾತ್ರಿ ಅಲ್ಲೇ ಇದ್ದರೆಂಬುದು ಬೆಳಿಗ್ಗೆ ಹಾಲಿನವನಿಂದ ಗೊತ್ತಾಯಿತು. 'ನೀನು ಹೇಳಿದರೆ ಕೇಳ್ತಾರೆ, ನೀನೇ ಹೇಳು' ಎಂದು ಅಣ್ಣ ನನ್ನ ಮೇಲೆ ಹಾಕಿದ. ಅವನ ಮಾತು ತಪ್ಪಲ್ಲ. ಆದರೂ, ಮೂವತ್ತೈದು ವರ್ಷ ನನಗೆ ಒಂದೇ ಪಾಠ ಹೇಳಿದವರಿಗೆ ಈಗ ಎದ್ದು ಬನ್ನಿ ಎಂದು ಹೇಳುವ ಕೆಲಸ ಯಾರಿಗೂ ಬೇಡ.

ಹೋದ ಮೇ ತಿಂಗಳಲ್ಲಿ ಹೋದೆ. ಹೇಳಬೇಕಾದ್ದನ್ನು ಹೇಳುವ ಮೊದಲೇ ಅವರು, 'ಕಾರು ತಂದಿದ್ದೀಯಲ್ಲ, ನೀರು ಇಳಿದಿದೆಯಂತೆ, ನಡಿ' ಎಂದರು. ಎಲ್ಲಿಗೆಂದು ನಾನು ಕೇಳಲಿಲ್ಲ.

ಬೇಸಗೆಯಲ್ಲಿ ಹೇಮಾವತಿಯ ಹಿನ್ನೀರು ಇಳಿಯುತ್ತದೆ. ಮಳೆಗಾಲದಲ್ಲಿ ಕತ್ತಿನವರೆಗೆ ಮುಳುಗುವ ಶೆಟ್ಟಿಹಳ್ಳಿಯ ಹಳೆಯ ಇಗರ್ಜಿ ಆಗ ಬುಡದವರೆಗೂ ಕಾಣುತ್ತದೆಂದು ಬೆಂಗಳೂರಿನಿಂದ ಜನ ಬಂದು ಚಿತ್ರ ತೆಗೆಯುತ್ತಾರೆ. ನಾವು ಹೋದ ಕಡೆ ಯಾರೂ ಇರಲಿಲ್ಲ. ಒಣಗಿ ಬಿರುಕುಬಿಟ್ಟ ಮೆಕ್ಕಲು, ಬೂದು ಬಣ್ಣದ ಮರದ ಮೋಟುಗಳು, ಆಚೆ ತೆಳ್ಳಗೆ ಹೊಳೆಯುವ ನೀರು. ಮಧ್ಯೆ ಒಂದು ದಿಬ್ಬ. ಮಳೆಗಾಲದಲ್ಲೂ ಇದೊಂದು ಮುಳುಗುವುದಿಲ್ಲ, ದ್ವೀಪವಾಗಿರುತ್ತದೆ ಎಂದು ದೊಡ್ಡಪ್ಪ ಹೇಳಿದರು. ನನ್ನ ತೋಳು ಹಿಡಿದು, ನಿಂತು ನಿಂತು ಹತ್ತಿದರು. ನಮ್ಮ ಮನೆಯಿದ್ದದ್ದು ದಿಬ್ಬದ ಇಳಿಜಾರಿನಲ್ಲಂತೆ. ಗೋಡೆಯ ಗುರುತಿಲ್ಲ, ತಳಪಾಯದ ನಾಲ್ಕು ಕಲ್ಲು. ಹಿತ್ತಲಿನ ಒರಳುಕಲ್ಲು ಮಾತ್ರ ನೆಲಕ್ಕೆ ಹೂತದ್ದು ಹೂತಹಾಗೆ ಇತ್ತು. ಹೊತ್ತೊಯ್ಯಲು ಆಗದೆ ಬಿಟ್ಟು ಬಂದದ್ದು. ಎರಡು ದಿನದ ಹಿಂದೆ ಸುರಿದ ಮುಂಗಾರಿಗೆ ಮುಂಚಿನ ಮಳೆಯ ನೀರು ಅದರ ಗುಳಿಯಲ್ಲಿ ನಿಂತಿತ್ತು. ನೀರಿನಂಚಿಗೆ ಒಂದು ಸಣ್ಣ ಕಪ್ಪೆ.

ದೊಡ್ಡಪ್ಪ ಕಷ್ಟಪಟ್ಟು ಕುಳಿತರು. ಬಗ್ಗಿ ನೋಡಿದರು. 'ಕುಪ್ಪಳಿಸುತ್ತದೆಯೋ ನೋಡೋ' ಎಂದರು.

ನಾನು ಬೆರಳು ಚಾಚಿದೆ. ಕಪ್ಪೆ ಒಂದೇ ನೆಗೆತಕ್ಕೆ ಒರಳಿನಿಂದ ಹಾರಿ ಹುಲ್ಲಿಗೆ ಬಿತ್ತು, ಅಲ್ಲಿಂದ ಇನ್ನೊಂದು ನೆಗೆತಕ್ಕೆ ಇಳಿಜಾರಿನಲ್ಲಿ ಕಾಣೆಯಾಯಿತು. ದೊಡ್ಡಪ್ಪ ಅದು ಹೋದ ಕಡೆಯನ್ನೇ ನೋಡಿ ನಕ್ಕರು. ಮೊದಲು ನಾನು 'ಮತ್ಯಾಕೆ ಹತ್ತುತಾರೆ' ಎಂದು ಕೇಳಿದ ದಿನ ನಕ್ಕಷ್ಟೇ ಹೊತ್ತು.

ಹಿಂದಿರುಗುವಾಗ ಕಾರಿನಲ್ಲಿ ಬಹಳ ದೂರ ಮಾತಿರಲಿಲ್ಲ. ಅರಕಲಗೂಡಿನ ಮೊದಲ ದೀಪಗಳು ಕಾಣುವ ಹೊತ್ತಿಗೆ, 'ಅವನ ಮನೆಯಲ್ಲಿ ಭೂಪಟ ಹಿಡಿಸುವಷ್ಟು ಗೋಡೆ ಇದೆಯೋ ಕೇಳು' ಎಂದರು.

ಅಲ್ಲಿಂದಲೇ ಅಣ್ಣನಿಗೆ ಫೋನು ಮಾಡಿದೆ. ಗೋಡೆಯೇನೋ ಇದೆ, ಒಂದೇ ಇದೆ, ಅದರಲ್ಲಿ ಟೀವಿ ಇದೆ ಎಂದ. ಸ್ವಲ್ಪ ತಡೆದು, ತೆಗೆಸುತ್ತೇನೆ ಎಂದ. ಎಷ್ಟು ಉದ್ದ, ಎಷ್ಟು ಅಗಲ ಎಂದು ಕೇಳಿದ. ದೊಡ್ಡಪ್ಪ ಅಳತೆಯನ್ನು ಬಾಯಲ್ಲೇ ಹೇಳಿದರು, ಇಲಿ ತಿಂದ ಆಸ್ಟ್ರೇಲಿಯದ ಮೂಲೆಯನ್ನೂ ಸೇರಿಸಿ.